ಹಿತ್ತಲ ಗಿಡ, ಒಳಮನೆಯ ಬೆಕ್ಕು

ಹೊಳಲ್ಕೆರೆ ಸೀಮೆಯ ಅಡಿಕೆ ತೋಟದ ಮನೆ, ಹೊಸದುರ್ಗದ ತೆಂಗಿನ ತೋಟದ ಮನೆ, ಹಿರಿಯೂರು ಪೇಟೆಯ ಮನೆ, ಚಿತ್ರದುರ್ಗದ ಕೋಟೆ ಬುಡದ ಮನೆ: ಎಲ್ಲಿಗೆ ಹೋದರೂ ಒಲೆಯ ಪಕ್ಕದಲ್ಲೋ ಕಾಳಿನ ಮೂಟೆಯ ಮೇಲೋ ಒಂದು ಬೆಕ್ಕು ಮಲಗಿರುತ್ತದೆ. ರಾಗಿ, ಶೇಂಗಾ, ಕೊಬ್ಬರಿ ಇಲಿಯ ಪಾಲಾಗದಂತೆ ಕಾಯುವುದು ಅದರ ಕೆಲಸ. ಅದಕ್ಕೆ ಪ್ರತಿಯಾಗಿ ಸಿಗುವುದು ಒಂದು ಬಟ್ಟಲು ಹಾಲು, ಮೂರು ಹೊತ್ತಿನ ಊಟದಲ್ಲಿ ಮಿಕ್ಕಿದ ಅನ್ನ ಸಾರು. ಈ ಬೆಕ್ಕು ವಾರಕ್ಕೆರಡು ಸಲ ಕಕ್ಕುತ್ತದೆ. ತಿಂಗಳುಗಟ್ಟಲೆ ತೆಳ್ಳಗೆ ಭೇದಿ ಮಾಡುತ್ತದೆ, ಇಲ್ಲವೇ ಮೂರು ದಿನಕ್ಕೊಮ್ಮೆ ಗೋಲಿಯಂತೆ ಗಟ್ಟಿ ಹಿಕ್ಕೆ ಹಾಕುತ್ತದೆ. ‘ಬೆಕ್ಕಲ್ವಾ, ಕಕ್ಕುತ್ತೆ ಬಿಡು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಬೆನ್ನುಮೂಳೆ ಕೈಗೆ ತಾಗತೊಡಗಿದ ಮೇಲೆ ಮದ್ದಿನ ಯೋಚನೆ ಬರುತ್ತದೆ. ಆಗ ಮೊದಲು ಕೈ ಹೋಗುವುದು ಅಡುಗೆಮನೆಯ ಡಬ್ಬಿಗೆ, ಆಮೇಲೆ ಹಿತ್ತಲಿಗೆ: ಓಂಕಾಳಿನ ಕಷಾಯ, ಇಂಗು ಕದಡಿದ ಮಜ್ಜಿಗೆ, ದಾಳಿಂಬೆ ಸಿಪ್ಪೆಯ ಪುಡಿ, ಒಂದು ಚಮಚ ಹರಳೆಣ್ಣೆ.

ನಮ್ಮ ಮನೆಯಲ್ಲೂ ಹೀಗೇ ನಡೆಯುತ್ತಿತ್ತು. ಅಜ್ಜಿ ಮೊಮ್ಮಕ್ಕಳಿಗೆ ಕೊಡುತ್ತಿದ್ದುದನ್ನೇ ಬೆಕ್ಕಿಗೂ ಕೊಡುತ್ತಿದ್ದರು, ಅಷ್ಟೇ ಪ್ರೀತಿಯಿಂದ. ಆ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಅದರಿಂದ ಬೆಕ್ಕಿಗೆ ಒಳಿತಾಯಿತೋ ಕೇಡಾಯಿತೋ ಎಂದು ಯಾರೂ ಕೇಳಿಕೊಂಡಿರಲಿಲ್ಲ. ಬೆಕ್ಕಿನ ಹಳೆಯ ಹೊಟ್ಟೆಬೇನೆಗೆ ಗಿಡಮೂಲಿಕೆ ಆದೀತೇ, ಆಗುವುದಾದರೆ ಯಾವುದು, ಎಷ್ಟು, ಯಾವಾಗ ಎಂಬುದನ್ನು ಈ ನಾಲ್ಕು ತಾಲ್ಲೂಕುಗಳ ಮನೆ, ತೋಟ, ಅಂಗಡಿಗಳನ್ನು ಎದುರಿಗಿಟ್ಟುಕೊಂಡು ಒಮ್ಮೆ ಪೂರ್ತಿಯಾಗಿ ನೋಡಬೇಕು. ನಾನು ತಲುಪಿದ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮೂಲಿಕೆ ವಿದ್ಯೆ ದೊಡ್ಡದು, ಆದರೆ ಅದನ್ನು ಕಲಿತದ್ದು ಮನುಷ್ಯನ ಮತ್ತು ಹಸುವಿನ ಹೊಟ್ಟೆಯ ಮೇಲೆ. ಬೆಕ್ಕಿನ ಒಡಲು ಬೇರೆಯೇ. ಅದಕ್ಕೆ ಮದ್ದು ಹುಡುಕುವ ಮೊದಲು ಕಾರಣ ಹುಡುಕಬೇಕು.

ಹಸುವಿಗೆ ಗ್ರಂಥವಿದೆ

ಗಿಡದ ಮೇಲೆ ಈ ಸೀಮೆಯ ನಂಬಿಕೆ ಬರಿಯ ರೂಢಿಯಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ, ‘ತಿರುಕ’ ಎಂಬ ಕಾವ್ಯನಾಮದಲ್ಲಿ ಬರೆಯುತ್ತಲೇ, ಯೋಗ ಮತ್ತು ಆಯುರ್ವೇದವನ್ನು ಬಡವರ ಬಾಗಿಲಿಗೆ ಒಯ್ದರು. ಅವರು 1996ರಲ್ಲಿ ತೀರಿಕೊಂಡರೂ ಆಶ್ರಮದ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ ಆ ಕೆಲಸವನ್ನು ಮುಂದುವರಿಸಿವೆ. ಚಿತ್ರದುರ್ಗದ ಬೆನ್ನಿಗಿರುವ ಜೋಗಿಮಟ್ಟಿ ಕಾಡು ಮೂಲಿಕೆಗಳಿಗೆ ಹೆಸರಾದದ್ದು. ಕಾಡುಗೊಲ್ಲರು, ಮ್ಯಾಸಬೇಡರು, ಲಂಬಾಣಿಗರು ಕುರಿ ದನಗಳ ಜೊತೆಯಲ್ಲೇ ಬದುಕು ಕಟ್ಟಿಕೊಂಡವರು. ದನ ಮೇವು ಬಿಟ್ಟರೆ ಯಾವ ಸೊಪ್ಪು ಅರೆದು ಗೊಟ್ಟದಲ್ಲಿ ಎತ್ತಬೇಕು ಎಂಬುದು ಅವರಿಗೆ ತಲೆಮಾರುಗಳಿಂದ ಗೊತ್ತು.

ಈ ವಿದ್ಯೆ ಕನ್ನಡದಲ್ಲಿ ಬರಹಕ್ಕಿಳಿದೂ ಶತಮಾನಗಳಾದವು. 12ನೇ ಶತಮಾನದ ಆರಂಭದಲ್ಲಿ ಚಾಲುಕ್ಯ ರಾಜಮನೆತನದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಮುಂದೆ ಅಭಿನವಚಂದ್ರ ಕುದುರೆಯ ವೈದ್ಯವನ್ನು ಕನ್ನಡಕ್ಕೆ ತಂದ. ಸಂಸ್ಕೃತದಲ್ಲಿ ಪಾಲಕಾಪ್ಯನ ‘ಹಸ್ತ್ಯಾಯುರ್ವೇದ’ ಆನೆಗೆ, ಶಾಲಿಹೋತ್ರನ ಪರಂಪರೆ ಕುದುರೆಗೆ. ಹಸು ಹಾಲು ಕೊಟ್ಟಿತು, ಎತ್ತು ಹೊಲ ಉತ್ತಿತು, ಕುದುರೆ ಆನೆಗಳು ಯುದ್ಧ ಗೆದ್ದುಕೊಟ್ಟವು. ಅವು ಸಂಪತ್ತು, ಹಾಗಾಗಿ ಅವುಗಳ ರೋಗಕ್ಕೆ ಗ್ರಂಥ ಹುಟ್ಟಿತು. ಬೆಕ್ಕು ತಾನಾಗಿ ಬಂದು ತಾನಾಗಿ ಇದ್ದ ಜೀವ. ಇವತ್ತಿಗೂ ದೇಶದ ಜಾನುವಾರು ಗಣತಿಯಲ್ಲಿ ಹಸು, ಎಮ್ಮೆ, ಕುರಿ, ಮೇಕೆ, ಕತ್ತೆ, ಒಂಟೆ, ನಾಯಿ, ಮೊಲಗಳನ್ನು ಎಣಿಸುತ್ತಾರೆ, ಬೆಕ್ಕನ್ನು ಎಣಿಸುವುದಿಲ್ಲ.

ಹಸುವಿನ ವಿಷಯದಲ್ಲಿ ನಾಟಿ ಮದ್ದು ಇಂದಿಗೂ ಜೀವಂತವಾಗಿದೆ, ಪರೀಕ್ಷೆಗೂ ಒಳಗಾಗುತ್ತಿದೆ. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಸಿನ, 15 ಗ್ರಾಂ ಸುಣ್ಣ ಅರೆದು ಕೆಚ್ಚಲು ಬಾವಿಗೆ ಹಚ್ಚುವ ಪದ್ಧತಿಯನ್ನು ತಮಿಳುನಾಡಿನ ಪಶುವೈದ್ಯ ಪ್ರಾಧ್ಯಾಪಕ ಎನ್. ಪುಣ್ಯಮೂರ್ತಿ ಅವರು ರೂಪಿಸಿ ಹರಡಿದರು. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯವೂ ಅದನ್ನು ಹೈನುಗಾರರಿಗೆ ತಲುಪಿಸಿದವು. ಆಂಟಿಬಯಾಟಿಕ್ ಬಳಕೆ ತಗ್ಗಿಸಲು ಅದು ಒಳ್ಳೆಯ ದಾರಿ. ಆದರೆ ಕೊಟ್ಟಿಗೆಯಲ್ಲಿ ಗೆದ್ದ ಅರೆದ ಮದ್ದನ್ನು ಒಳಮನೆಗೆ ತರುವಾಗ ನಿಲ್ಲಬೇಕು. ಹಸುವಿನ ಕೆಚ್ಚಲಿಗೆ ಹಚ್ಚಿದ್ದು ಹೆಚ್ಚಾಗಿ ಹೊರಗೇ ಉಳಿಯುತ್ತದೆ. ಬೆಕ್ಕಿನ ಮೈಗೆ ಹಚ್ಚಿದ್ದನ್ನೆಲ್ಲ ಅದು ನೆಕ್ಕಿ ನುಂಗುತ್ತದೆ, ಹಾಗಾಗಿ ಅದಕ್ಕೆ ಲೇಪವೂ ಹೊಟ್ಟೆಗೆ ಕೊಟ್ಟ ಮದ್ದೇ. ಹಸುವಿನ ತೂಕ ಮುನ್ನೂರು ನಾನೂರು ಕಿಲೋ. ಅದರ ಮೆಲುಕಿನ ಚೀಲದಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಗಿಡದ ಎಷ್ಟೋ ವಿಷಗಳನ್ನು ಮೊದಲೇ ಮುರಿದುಹಾಕುತ್ತವೆ. ಬೆಕ್ಕು ತೂಗುವುದು ಮೂರರಿಂದ ಐದು ಕಿಲೋ. ಗಿಡ ಮುರಿಯುವ ಚೀಲ ಅದಕ್ಕಿಲ್ಲ.

ಕೆಡುವುದು ಎಲ್ಲಿಂದ

ಮೂರು ವಾರಕ್ಕಿಂತ ಹೆಚ್ಚು ಕಾಲ ನಿಂತ ಅಥವಾ ಮರುಕಳಿಸುತ್ತಲೇ ಇರುವ ವಾಂತಿ ಭೇದಿಯನ್ನು ಪಶುವೈದ್ಯರು ದೀರ್ಘಕಾಲದ ರೋಗವೆಂದು ಎಣಿಸುತ್ತಾರೆ. ಇದು ಒಂದು ರೋಗದ ಹೆಸರಲ್ಲ. ಬೇರೆ ಬೇರೆ ಹತ್ತಾರು ಕಾರಣಗಳು ಒಂದೇ ಬಗೆಯ ಲಕ್ಷಣ ತೋರಿಸುತ್ತವೆ.

ನಮ್ಮ ಕಡೆ ಎದ್ದು ಕಾಣುವ ಮೊದಲ ಕಾರಣ ಬಟ್ಟಲಲ್ಲೇ ಇದೆ. ತಾಯಿಯ ಮೊಲೆ ಬಿಟ್ಟ ಮೇಲೆ ಬಹುಪಾಲು ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕುಗ್ಗುತ್ತದೆ. ಅರಗದ ಸಕ್ಕರೆ ಕರುಳಿಗೆ ನೀರು ಎಳೆದುಕೊಳ್ಳುತ್ತದೆ, ಹುಳಿಯುತ್ತದೆ, ಭೇದಿಯಾಗುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ನಮ್ಮ ನಾಲಿಗೆಯಲ್ಲಿ ಎಷ್ಟು ಸಹಜವೋ ಬೆಕ್ಕಿಗೆ ಹಾಲು ಹಾಕುವುದೂ ಅಷ್ಟೇ ಸಹಜ. ಆದರೆ ಹಾಲು ಅದರ ಆಹಾರವಲ್ಲ. ತಿಂಗಳಾನುಗಟ್ಟಲೆ ಭೇದಿಯಾಗುವ ಬೆಕ್ಕಿಗೆ ಹಾಲು ನಿಲ್ಲಿಸಿದರೆ ವಾರದೊಳಗೆ ಹಿಕ್ಕೆ ಗಟ್ಟಿಯಾದ ಮನೆಗಳುಂಟು. ಅಲ್ಲಿ ಬೇರಾವ ಮದ್ದೂ ಬೇಕಾಗಿರಲಿಲ್ಲ.

ಎರಡನೆಯದು ಮಾಂಸದ ಕೊರತೆ. ಬೆಕ್ಕು ಮಾಂಸದಿಂದಲೇ ಬದುಕಬೇಕಾದ ಪ್ರಾಣಿ. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಅನ್ನದಲ್ಲೂ ಮುದ್ದೆಯಲ್ಲೂ ಇಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆಂದು ಅಮೆರಿಕದ ಪಾಲ್ ಪಿಯೋನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಕ್ಯಾರೆಟ್ಟಿನ ಬಣ್ಣದ ಅಂಶದಿಂದ ಎ ಜೀವಸತ್ವ ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಮಾಂಸ ಬೇಯಿಸದ ಮನೆಯಲ್ಲಿ ಬೆಕ್ಕು ಇಲಿ, ಹಲ್ಲಿ, ಓತಿಕ್ಯಾತ ಹಿಡಿದು ಕೊರತೆ ತುಂಬಿಕೊಳ್ಳುತ್ತದೆ. ಆ ಬೇಟೆಯ ಜೊತೆಗೇ ಮೂರನೆಯ ಕಾರಣವಾದ ಹುಳು ಹೊಟ್ಟೆ ಸೇರುತ್ತದೆ. ದುಂಡುಹುಳು, ಕೊಕ್ಕೆಹುಳು, ಇಲಿಯಿಂದ ಬರುವ ಒಂದು ಲಾಡಿಹುಳು, ಚಿಗಟ ನುಂಗುವುದರಿಂದ ಬರುವ ಇನ್ನೊಂದು ಲಾಡಿಹುಳು. ಬಾಲದ ಬುಡಕ್ಕೆ ಸೌತೆಬೀಜದಂಥ ಬಿಳಿ ತುಣುಕು ಅಂಟಿದ್ದರೆ ಅದು ಚಿಗಟದ ಲಾಡಿಹುಳು. ಜಿಯಾರ್ಡಿಯಾದಂಥ ಏಕಕೋಶಜೀವಿಗಳೂ ತಿಂಗಳುಗಟ್ಟಲೆ ಭೇದಿ ತರುತ್ತವೆ.

ನಾಲ್ಕನೆಯದು ನೀರು. ಬೆಕ್ಕಿನ ಮೂಲ ಒಣನಾಡಿನ ಕಾಡುಬೆಕ್ಕು. ಬೇಟೆಯ ಮಾಂಸದಲ್ಲಿರುವ ನೀರೇ ಸಾಕೆಂದು ಬಾಯಾರಿಕೆ ಕಡಿಮೆ ಇಟ್ಟುಕೊಂಡ ಜೀವ. ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಿ ಒಣ ಅನ್ನ ಅಥವಾ ಪೊಟ್ಟಣದ ಒಣ ಆಹಾರ ತಿಂದು ನೀರು ಕುಡಿಯದಿದ್ದರೆ ಮಲ ಕಲ್ಲಾಗುತ್ತದೆ. ವಯಸ್ಸಾದ ಬೆಕ್ಕಿನಲ್ಲಿ ಮೂತ್ರಪಿಂಡ ಸೋಲತೊಡಗಿದಾಗಲೂ ಮಲಬದ್ಧತೆ, ವಾಂತಿ, ಸೊರಗು ಕಾಣಬಹುದು.

ಇವೆಲ್ಲ ಇಲ್ಲದೆಯೂ ಕಕ್ಕುವ ಬೆಕ್ಕುಗಳ ಗತಿಯನ್ನು ಎರಡು ಅಧ್ಯಯನಗಳು ಚೆನ್ನಾಗಿ ತೋರಿಸುತ್ತವೆ. 2001ರಲ್ಲಿ ಪ್ರಕಟವಾದ ಒಂದರಲ್ಲಿ ಬಹುಕಾಲದಿಂದ ವಾಂತಿ ಭೇದಿಯಿದ್ದ 55 ಬೆಕ್ಕುಗಳಿಗೆ ಆಹಾರವನ್ನಷ್ಟೇ ಬದಲಿಸಲಾಯಿತು. ಸುಮಾರು ಅರ್ಧ ಬೆಕ್ಕುಗಳು ಅಷ್ಟರಿಂದಲೇ ಸುಧಾರಿಸಿದವು. 2013ರ ಅಮೆರಿಕದ ಅಧ್ಯಯನದಲ್ಲಿ ಬಹುಕಾಲ ವಾಂತಿ, ಭೇದಿ, ತೂಕ ಇಳಿತ ಇದ್ದು ಸ್ಕ್ಯಾನಿಂಗಿನಲ್ಲಿ ಸಣ್ಣಕರುಳಿನ ಗೋಡೆ ದಪ್ಪಗಾಗಿದ್ದ 100 ಬೆಕ್ಕುಗಳ ಕರುಳಿನ ತುಣುಕು ಪರೀಕ್ಷಿಸಿದರು. 99ರಲ್ಲಿ ರೋಗವಿತ್ತು: 49ರಲ್ಲಿ ಕರುಳಿನ ಉರಿಯೂತ, 46ರಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್. ‘ಬೆಕ್ಕಲ್ವಾ, ಕಕ್ಕುತ್ತೆ ಬಿಡು’ ಎಂಬ ಮಾತು ಎಷ್ಟು ಅಪಾಯದ್ದೆಂದು ಈ ಅಂಕಿಗಳು ಹೇಳುತ್ತವೆ. ಈ ಉರಿಯೂತಕ್ಕೂ ನಿಧಾನಗತಿಯ ಲಿಂಫೋಮಾಕ್ಕೂ ಇಂದು ಮಾತ್ರೆಗಳಿವೆ. ಎಷ್ಟೋ ಬೆಕ್ಕುಗಳು ಅವುಗಳ ಬಲದಿಂದ ವರ್ಷಗಳ ಕಾಲ ನೆಮ್ಮದಿಯಾಗಿ ಬದುಕುತ್ತವೆ. ಕಷಾಯ ಕೊಡುತ್ತ ಕಳೆದ ಆರು ತಿಂಗಳು ಆ ಅವಕಾಶದಿಂದ ಕಳೆದುಹೋದ ಆರು ತಿಂಗಳು.

ಗಿಡ ತಿನ್ನದ ಜೀವದ ಪಿತ್ತಜನಕಾಂಗ

‘ಗಿಡದ್ದಲ್ವಾ, ಏನೂ ಆಗಲ್ಲ’ ಎಂಬ ಇನ್ನೊಂದು ಮಾತಿದೆ. ಮನುಷ್ಯನ ಬಗ್ಗೆಯೂ ಇದು ಪೂರ್ತಿ ನಿಜವಲ್ಲ. ಬೆಕ್ಕಿನ ಬಗ್ಗೆಯಂತೂ ತಿರುಗಾಮುರುಗಾ.

ಗಿಡಗಳು ತಮ್ಮನ್ನು ಮೇಯುವವರಿಂದ ಕಾಪಾಡಿಕೊಳ್ಳಲು ಫಿನಾಲ್ ಜಾತಿಯ ನೂರಾರು ರಾಸಾಯನಿಕ ಮಾಡುತ್ತವೆ. ಸೊಪ್ಪು, ಹಣ್ಣು, ಬೇರು ತಿಂದು ಬೆಳೆದ ಪ್ರಾಣಿಗಳ ಪಿತ್ತಜನಕಾಂಗ ಅವುಗಳಿಗೆ ಒಂದು ಸಕ್ಕರೆ ಆಮ್ಲದ ತುಣುಕು ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಬೆಕ್ಕಿನಲ್ಲಿ ಈ ಕೆಲಸದ ಒಂದು ಮುಖ್ಯ ಜೀನ್ ಮುರಿದು ಬಿದ್ದಿದೆಯೆಂದು ಅಮೆರಿಕದ ಮೈಕೇಲ್ ಕೋರ್ಟ್ ಮತ್ತು ಡೇವಿಡ್ ಗ್ರೀನ್‌ಬ್ಲಾಟ್ 2000ದಲ್ಲಿ ತೋರಿಸಿದರು. ಮಾಂಸವನ್ನೇ ತಿಂದ ಪೂರ್ವಿಕರಿಗೆ ಗಿಡದ ವಿಷ ಕಳೆಯುವ ಶಕ್ತಿ ಬೇಕಾಗಲಿಲ್ಲ, ಬಳಸದ ಜೀನ್ ಕಾಲಾಂತರದಲ್ಲಿ ಕೆಟ್ಟಿತು. ಅದರಿಂದಲೇ ನಮ್ಮ ಜ್ವರದ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಅದರಿಂದಲೇ ಆಸ್ಪಿರಿನ್ ಬೆಕ್ಕಿನ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ.

ಇದನ್ನು ತಲೆಯಲ್ಲಿಟ್ಟುಕೊಂಡು ಮಸಾಲೆ ಡಬ್ಬಿಯನ್ನು ಮತ್ತೆ ತೆರೆಯಿರಿ. ಓಂಕಾಳಿನ ಘಮ ಥೈಮಾಲ್, ಅದೊಂದು ಫಿನಾಲ್. ಲವಂಗ ಮತ್ತು ತುಳಸಿಯಲ್ಲಿರುವ ಯೂಜಿನಾಲ್ ಕೂಡ ಫಿನಾಲ್. ಶುಂಠಿಯ ಖಾರವಾದ ಜಿಂಜೆರಾಲ್, ಅರಿಸಿನದ ಹಳದಿಯಾದ ಕರ್ಕ್ಯುಮಿನ್ ಅದೇ ಕುಲದವು. ಯಾವ ಗುಣಕ್ಕಾಗಿ ಅಜ್ಜಿ ಇವನ್ನು ನಮಗೆ ಕೊಡುತ್ತಿದ್ದರೋ ಆ ಗುಣವೇ ಬೆಕ್ಕಿಗೆ ಹೊರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಒಂದು ಹೆಸರಾದ ಪ್ರಯೋಗ ಪ್ರಕಟಿಸಿದರು. ಕಾಳುಮೆಣಸಿನ ಪೈಪರಿನ್ ಜೊತೆ ಕೊಟ್ಟಾಗ ಮನುಷ್ಯನ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಸುಮಾರು ಇಪ್ಪತ್ತು ಪಟ್ಟು ಏರಿತು. ಪಿತ್ತಜನಕಾಂಗ ಮತ್ತು ಕರುಳಿನ ಇದೇ ಜೋಡಿಸುವ ಕೆಲಸವನ್ನು ಪೈಪರಿನ್ ತಡೆಯುತ್ತದೆ. ನಮಗೆ ಅದು ಲಾಭ. ಆ ಶಕ್ತಿಯೇ ಕುಂದಿರುವ ಬೆಕ್ಕಿಗೆ ಮೆಣಸು ಅರಿಸಿನದ ಕಷಾಯ ಕುಡಿಸುವುದೆಂದರೆ ಮುರುಕು ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿದಂತೆ.

ಒಂದೊಂದಾಗಿ ನೋಡಿದರೆ

ಮೊದಲು ಈರುಳ್ಳಿ, ಬೆಳ್ಳುಳ್ಳಿ. ಚಿತ್ರದುರ್ಗ ಜಿಲ್ಲೆ ಈರುಳ್ಳಿಯ ನಾಡು. ಮನೆಯ ಸಾರೆಲ್ಲ ಅದರಲ್ಲೇ ಕುದಿಯುತ್ತದೆ. ಬೆಳ್ಳುಳ್ಳಿ ಜಜ್ಜಿ ಕೊಟ್ಟರೆ ಹುಳು ಬೀಳುತ್ತದೆಂಬ ನಂಬಿಕೆಯೂ ಇದೆ. ಆದರೆ ಇವುಗಳ ಗಂಧಕದ ಅಂಶ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೆಕ್ಕಿನ ತೂಕದ ಪ್ರತಿ ಕಿಲೋಗೆ 5 ಗ್ರಾಂ ಈರುಳ್ಳಿ ಸಾಕು ರಕ್ತ ಕೆಡಲು. ನಾಲ್ಕು ಕಿಲೋ ಬೆಕ್ಕಿಗೆ 20 ಗ್ರಾಂ, ಅಂದರೆ ಒಂದು ಚಿಕ್ಕ ಗಡ್ಡೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಬೆಳ್ಳುಳ್ಳಿ ಇನ್ನೂ ತೀಕ್ಷ್ಣ. ಇವೆರಡೂ ಔಷಧಿಯ ಪಟ್ಟಿಯಿಂದ ಮಾತ್ರವಲ್ಲ, ಬೆಕ್ಕಿನ ತಟ್ಟೆಯಿಂದಲೂ ಹೊರಗಿರಬೇಕು.

ಎರಡನೆಯದು ಅಡಿಕೆ. ಹೊಳಲ್ಕೆರೆಯ ತೋಟಗಳ ಈ ಬೆಳೆಗೆ ಪಶುವೈದ್ಯದಲ್ಲಿ ನಿಜವಾದ ಇತಿಹಾಸವಿದೆ. ಅಡಿಕೆಯ ಅರಿಕೋಲಿನ್ ನಾಯಿಗಳ ಲಾಡಿಹುಳು ಬೀಳಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿತ್ತು. ನ್ಯೂಜಿಲೆಂಡಿನಲ್ಲಿ ಹೈಡಾಟಿಡ್ ಎಂಬ ಲಾಡಿಹುಳು ರೋಗದ ವಿರುದ್ಧದ ಕಾರ್ಯಾಚರಣೆಯೂ ಅದನ್ನು ನೆಚ್ಚಿಕೊಂಡಿತ್ತು. ಸೇವಿಸಿದ ನಾಯಿಗೆ ಬೇಗನೆ ಭೇದಿಯಾಗಿ ಹುಳು ಹೊರಬೀಳುತ್ತಿತ್ತು. ಆದರೆ ಬೆಕ್ಕಿಗೆ ಅದನ್ನು ಕೊಡುವಂತಿರಲಿಲ್ಲ. ಬೆಕ್ಕಿನ ಶ್ವಾಸನಾಳದಲ್ಲಿ ದ್ರವ ಉಕ್ಕಿ ಉಸಿರು ಕಟ್ಟುತ್ತಿತ್ತು. ಗಿಡದಲ್ಲಿ ಮದ್ದಿದೆ ಎಂಬುದೂ ನಿಜ, ಆ ಮದ್ದು ಬೆಕ್ಕಿನದಲ್ಲ ಎಂಬುದೂ ನಿಜ. ಈಗ ಪ್ರಾಜಿಕ್ವಾಂಟೆಲ್ ಮಾತ್ರೆ ಲಾಡಿಹುಳುವಿಗೆ ಸುರಕ್ಷಿತ ದಾರಿಯಾಗಿರುವಾಗ ಅಡಿಕೆಯ ಮಾತೇ ಬೇಡ.

ಮೂರನೆಯದು ಹರಳೆಣ್ಣೆ. ಮಲ ಕಟ್ಟಿದ ಬೆಕ್ಕಿನ ಬಾಯಿ ಬಿಡಿಸಿ ಎಣ್ಣೆ ಸುರಿಯುವುದು ಎರಡು ರೀತಿಯಲ್ಲಿ ಕೆಟ್ಟದ್ದು. ಮೊದಲೇ ನೀರು ಕಡಿಮೆಯಾದ ಮೈಯಿಂದ ಅದು ಇನ್ನಷ್ಟು ನೀರು ಎಳೆಯುತ್ತದೆ. ಒದ್ದಾಡುವ ಬೆಕ್ಕಿನ ಶ್ವಾಸಕೋಶಕ್ಕೆ ಎಣ್ಣೆ ಇಳಿದರೆ ನ್ಯುಮೋನಿಯಾ ಬರುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಗಂಡುಬೆಕ್ಕು ಕೂತು ತಿಣುಕುತ್ತಿದ್ದರೆ ಅದು ಮಲಬದ್ಧತೆ ಆಗಿರಲೇಬೇಕೆಂದಿಲ್ಲ. ಮೂತ್ರನಾಳ ಕಟ್ಟಿಕೊಂಡಿರಬಹುದು. ಹಾಗೆ ಕಟ್ಟಿಕೊಂಡರೆ ಎರಡು ಮೂರು ದಿನದಲ್ಲಿ ಬೆಕ್ಕು ಸಾಯುತ್ತದೆ. ಆ ಹೊತ್ತಿನಲ್ಲಿ ಎಣ್ಣೆ ಕುಡಿಸಿ ಬೆಳಗಿನವರೆಗೆ ಕಾಯಬಾರದು.

ನಾಲ್ಕನೆಯದು ಒಗರಿನ ಮದ್ದುಗಳು. ಎಳೆ ಬಿಲ್ವದ ಕಾಯಿ, ಹೊಸದುರ್ಗ ಹಿರಿಯೂರುಗಳಲ್ಲಿ ಯಥೇಚ್ಛ ಸಿಗುವ ದಾಳಿಂಬೆಯ ಸಿಪ್ಪೆ, ಗ್ರಂಧಿಗೆ ಅಂಗಡಿಯ ಅಳಲೆಕಾಯಿ. ಮನುಷ್ಯರ ಭೇದಿಗೆ ಇವನ್ನು ಆಯುರ್ವೇದ ಬಹುಕಾಲದಿಂದ ಬಳಸಿದೆ. ಇವುಗಳ ಟ್ಯಾನಿನ್ ಕರುಳಿನ ಒಳಪದರವನ್ನು ಬಿಗಿ ಮಾಡಿ ಭೇದಿಯನ್ನು ತಗ್ಗಿಸುತ್ತದೆ. ಹುಳುವಿನಿಂದಲೋ ಹಾಲಿನಿಂದಲೋ ಆದ ಭೇದಿಯಲ್ಲಿ ಈ ಬಿಗಿತ ಮೂಲವನ್ನು ಮರೆಮಾಡುತ್ತದೆ, ಅಷ್ಟೆ. ಟ್ಯಾನಿನ್ ಕೂಡ ಫಿನಾಲುಗಳ ಗುಂಪೇ ಎಂಬುದನ್ನು ಮರೆಯಬಾರದು. ಲೋಳೆಸರದ ಎಲೆಯಿಂದ ಸೋರುವ ಹಳದಿ ರಸ ನೇರ ಭೇದಿಮದ್ದು. ನೀಲಗಿರಿ ಎಣ್ಣೆ, ಕರ್ಪೂರ, ಬೇವಿನ ಎಣ್ಣೆಗಳನ್ನು ಚಿಗಟಕ್ಕೆಂದು ಹಚ್ಚಿದರೂ ಬೆಕ್ಕು ನೆಕ್ಕಿ ನರಳುತ್ತದೆ. ಬೇಲಿಯ ಕಣಗಿಲೆ, ಹೂವಿಗೆಂದು ಬೆಳೆಸಿದ ಗೌರಿ ಹೂವಿನ ಗಡ್ಡೆ ನಿಜವಾದ ವಿಷಗಳು. ಕುಂಡದ ಲಿಲ್ಲಿಯ ಎಲೆ, ಪರಾಗ ಕೂಡ ಬೆಕ್ಕಿನ ಮೂತ್ರಪಿಂಡ ಸುಡುತ್ತದೆ.

ಇನ್ನು ಒಳ್ಳೆಯ ಸುದ್ದಿ. ನಾರು ಮತ್ತು ಲೋಳೆಯ ಮದ್ದುಗಳು ರಕ್ತಕ್ಕೆ ಸೇರದೆ ಕರುಳಿನಲ್ಲೇ ಕೆಲಸ ಮಾಡುತ್ತವೆ. ಪಿತ್ತಜನಕಾಂಗಕ್ಕೆ ಹೊರೆಯಿಲ್ಲ. ಪಶ್ಚಿಮದವರು ಸ್ಲಿಪರಿ ಎಲ್ಮ್ ಎಂಬ ಮರದ ತೊಗಟೆಯ ಲೋಳೆಯನ್ನು ಬೆಕ್ಕಿಗೆ ಕೊಡುವುದು ಇದೇ ತತ್ತ್ವದ ಮೇಲೆ. ನಮ್ಮಲ್ಲಿ ಅದರ ಜಾಗದಲ್ಲಿ ನಿಲ್ಲಬಲ್ಲದ್ದು ಗುಜರಾತ್, ರಾಜಸ್ಥಾನಗಳಲ್ಲಿ ಬೆಳೆದು ನಮ್ಮೂರಿನ ಎಲ್ಲ ಔಷಧಿ ಅಂಗಡಿಗೂ ಬರುವ ಇಸಬ್‌ಗೋಲ್. ಬೆಕ್ಕುಗಳ ಮೇಲೆ ಪರೀಕ್ಷೆಯಾದ ಮೂಲಿಕೆಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಇದೊಂದು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಸಬ್‌ಗೋಲ್ ಬೆರೆತ ಆಹಾರ ತಿಂದ ಮಲಬದ್ಧತೆಯ ಬೆಕ್ಕುಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಬೆಕ್ಕುಗಳ ಹಿಕ್ಕೆ ಸರಿಹೋಯಿತು. ಹೋಲಿಸಿ ನೋಡಲು ಬೇರೆ ಗುಂಪು ಇಟ್ಟಿರಲಿಲ್ಲವಾದ್ದರಿಂದ ಅದನ್ನು ಕೊನೆಯ ಮಾತೆನ್ನಲಾಗದು, ಆದರೂ ದಾರಿ ತೋರುತ್ತದೆ. ಯಾವ ಸಿಹಿಯೂ ಸುವಾಸನೆಯೂ ಬೆರೆಸದ ಇಸಬ್‌ಗೋಲ್ ಹೊಟ್ಟನ್ನು ಕಾಲು ಟೀ ಚಮಚದಿಂದ ಶುರುಮಾಡಿ, ನೀರಿನಲ್ಲಿ ಚೆನ್ನಾಗಿ ನೆನೆಸಿ, ಮೆತ್ತಗಿನ ಊಟಕ್ಕೆ ಕಲೆಸಿ ಕೊಡಬೇಕು. ನೀರಿಲ್ಲದೆ ಕೊಟ್ಟರೆ ಅದೇ ಗಂಟಾಗುತ್ತದೆ. ಉಪ್ಪು ಖಾರ ಹಾಕದೆ ಬೇಯಿಸಿ ನುರಿದ ಸಿಹಿಕುಂಬಳ ಒಂದೆರಡು ಟೀ ಚಮಚವೂ ಇದೇ ಕೆಲಸ ಮಾಡುತ್ತದೆ. ದೊಡ್ಡಕರುಳು ಹಿಗ್ಗಿ ಸೋತ ಬೆಕ್ಕಿಗೆ ನಾರು ಕೂಡ ಹೊರೆಯಾಗುವುದರಿಂದ ವೈದ್ಯರ ಒಪ್ಪಿಗೆ ಮೊದಲು ಬೇಕು.

ಬೆಕ್ಕು ತಾನೇ ಹುಡುಕುವ ಗಿಡ

ಬೆಕ್ಕಿಗೂ ಗಿಡಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಅಂಗಳದ ಗರಿಕೆಯನ್ನು ಬೆಕ್ಕು ಕಚ್ಚಿ ತಿನ್ನುವುದನ್ನು ಎಲ್ಲರೂ ನೋಡಿದ್ದೇವೆ. ಹೊಟ್ಟೆ ಕೆಟ್ಟಾಗ ಕಕ್ಕಲು ತಿನ್ನುತ್ತದೆ ಎಂಬುದು ನಮ್ಮ ವಿವರಣೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಬೆಕ್ಕು ಸಾಕಿದವರನ್ನು ಕೇಳಿದಾಗ ಬೇರೆ ಚಿತ್ರ ಸಿಕ್ಕಿತು. ಹುಲ್ಲು ತಿನ್ನುವುದು ಬಹುಪಾಲು ಬೆಕ್ಕುಗಳ ಸಹಜ ಅಭ್ಯಾಸ. ತಿಂದ ಮೇಲೆ ಆಗಾಗ ಕಕ್ಕುವುದು ಕಾಲುಭಾಗದಷ್ಟು ಬೆಕ್ಕುಗಳು ಮಾತ್ರ. ಕರುಳಿನ ಹುಳುಗಳನ್ನು ನಾರಿನಲ್ಲಿ ಸುತ್ತಿ ಹೊರತಳ್ಳಲು ಕಾಡಿನ ಪೂರ್ವಿಕರಿಂದ ಬಂದ ನಡತೆ ಇದಾಗಿರಬಹುದೆಂದು ಅವರ ಊಹೆ. ಔಷಧಿ ಸಿಂಪಡಿಸದ ಗರಿಕೆ ಅಂಗಳದಲ್ಲಿದ್ದರೆ ಬೆಕ್ಕಿಗೆ ಅಷ್ಟು ಸಾಕು.

ಇನ್ನೊಂದು ಕುಪ್ಪಿಗಿಡ. ಹೊಲದ ಬದು, ಹಾಳು ಗೋಡೆಯ ಬುಡದಲ್ಲೆಲ್ಲ ಹುಟ್ಟುವ ಈ ಕಳೆಯನ್ನು ಬೇರುಸಹಿತ ಕಿತ್ತು ಬಿಸಾಡಿದರೆ ಬೆಕ್ಕು ಓಡಿಬಂದು ಬೇರನ್ನು ಮೂಸುತ್ತದೆ, ನೆಕ್ಕುತ್ತದೆ, ಮೈಯುಜ್ಜಿ ಹೊರಳಾಡುತ್ತದೆ. ತಮಿಳರು ಇದನ್ನು ‘ಪೂನೈವಣಂಗಿ’, ಬೆಕ್ಕು ನಮಿಸುವ ಗಿಡ ಎನ್ನುತ್ತಾರೆ. ಮಲಯಾಳಿಗಳ ಬಾಯಲ್ಲಿ ಅದು ಬೆಕ್ಕಿಗೆ ಮಂಕು ಕವಿಸುವ ಗಿಡ. ಪಶ್ಚಿಮದ ಕ್ಯಾಟ್‌ನಿಪ್ ಗಿಡದ ಮತ್ತಿಗೆ ಕಾರಣವಾದ ಅಂಶದ ಹತ್ತಿರದ ನೆಂಟ ಇದರ ಬೇರಿನಲ್ಲಿದೆ. ಬೆಕ್ಕು ಇಷ್ಟಪಟ್ಟಿತೆಂದು ಇದನ್ನು ಮದ್ದೆಂದು ಅರೆದು ಕುಡಿಸಬಾರದು. ಗಿಡದಲ್ಲಿ ಸಯನೈಡ್ ಬಿಡುವ ಅಂಶವಿದೆ, ವಾಂತಿ ಮಾಡಿಸುವ ಗುಣವೂ ಇದೆ. ಬೆಕ್ಕಿಗೆ ಅದು ಆಟ, ಔಷಧಿಯಲ್ಲ.

ಹಾಗಾದರೆ ಮಾಡುವುದೇನು

ಆಯುರ್ವೇದದಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆಗೆ ನಿದಾನ ಪರಿವರ್ಜನ ಎಂಬ ಹೆಸರಿದೆ. ರೋಗದ ಕಾರಣವನ್ನು ದೂರ ಮಾಡುವುದು ಎಂದರ್ಥ, ಚೂರ್ಣ ಕಷಾಯಗಳೆಲ್ಲ ಆಮೇಲೆ. ಗಿಡಮೂಲಿಕೆಯ ಪರಂಪರೆಗೆ ನಾವು ನಿಜವಾಗಿ ನಿಷ್ಠರಾಗಿರಬೇಕಾದ್ದು ಈ ಹೆಜ್ಜೆಯಲ್ಲಿ.

ಮೊದಲು ಹಾಲು ನಿಲ್ಲಿಸಿ. ಈರುಳ್ಳಿ ಬೆಳ್ಳುಳ್ಳಿಯ ಸಾರು ನಿಲ್ಲಿಸಿ. ಮಾಂಸ ಬೇಯಿಸುವ ಮನೆಯಲ್ಲಿ ಉಪ್ಪು ಮಸಾಲೆಗೆ ಮುಂಚೆ ಒಂದಿಷ್ಟು ಕೋಳಿ ತೆಗೆದಿಡಿ. ಹಿರಿಯೂರಿನವರಿಗೆ ಮಾರಿಕಣಿವೆ ಜಲಾಶಯದ ಮೀನು ಹತ್ತಿರವೇ ಇದೆ. ಮುಳ್ಳು ತೆಗೆದು ಬೇಯಿಸಿ ಕೊಡಿ, ಬೇಯಿಸಿದ ನೀರನ್ನೂ ಕೊಡಿ. ಮಾಂಸ ಬೇಯಿಸದ ಮನೆಯವರು ಬೆಕ್ಕಿಗೆಂದೇ ತಯಾರಾದ ಪೊಟ್ಟಣದ ಆಹಾರವನ್ನು ನೀರು ಬೆರೆಸಿ ಕೊಡಬಹುದು. ಅದಕ್ಕೆ ಟಾರಿನ್ ಸೇರಿಸಿರುತ್ತಾರೆ. ನಾಯಿಯ ಆಹಾರ ಅದರ ಬದಲಿಗೆ ಬಾರದು. ಹಳೆಯದರಿಂದ ಹೊಸದಕ್ಕೆ ಒಂದು ವಾರದಲ್ಲಿ ನಿಧಾನವಾಗಿ ಬದಲಾಯಿಸಿ. ಅಗಲ ಬಾಯಿಯ ನೀರಿನ ಬಟ್ಟಲುಗಳನ್ನು ಮನೆಯ ಎರಡು ಮೂರು ಕಡೆ, ಊಟದ ತಟ್ಟೆಯಿಂದ ದೂರವಾಗಿ ಇಡಿ.

ಎರಡನೆಯದಾಗಿ, ಹೊಸ ಹಿಕ್ಕೆಯ ತುಣುಕನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆ ಕಂಡರೆ ಯಾವ ಮಾತ್ರೆ, ಎಷ್ಟು ತೂಕಕ್ಕೆ ಎಷ್ಟು ಎಂದು ವೈದ್ಯರು ಹೇಳುತ್ತಾರೆ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಬೇಕಾದರೆ ಹೊಳಲ್ಕೆರೆ ದಾಟಿ ಮುಂದೆ ಶಿವಮೊಗ್ಗಕ್ಕೆ ಹೋದರೆ ಅಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಒಂದು ಬೆಕ್ಕಿಗಾಗಿ ಅಷ್ಟು ದೂರವೇ ಎಂದು ನೆರೆಯವರು ಕೇಳಿಯಾರು. ಮೂಟೆಗಟ್ಟಲೆ ಕಾಳು ಕಾದ ಜೀವಕ್ಕಾಗಿ ಒಂದು ದಿನದ ಪ್ರಯಾಣ ಹೆಚ್ಚೇನಲ್ಲ.

ಮೂರನೆಯದಾಗಿ, ಕಾಯಬಾರದ ಹೊತ್ತುಗಳನ್ನು ನೆನಪಿಡಿ: ಒಂದು ದಿನಕ್ಕಿಂತ ಹೆಚ್ಚು ಏನೂ ತಿನ್ನದಿರುವುದು, ಹಿಕ್ಕೆಯಲ್ಲಿ ಅಥವಾ ವಾಂತಿಯಲ್ಲಿ ರಕ್ತ, ಬಿಳಿಚಿದ ಅಥವಾ ಹಳದಿಯಾದ ಒಸಡು, ಮೂತ್ರಕ್ಕೆ ತಿಣುಕುವುದು, ದಾರ ನುಂಗಿದ ಗುರುತು. ಕೆಲವು ದಿನ ಊಟ ಬಿಟ್ಟರೆ, ಅದರಲ್ಲೂ ದಪ್ಪ ಬೆಕ್ಕಿನ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿ ಅದೇ ಮಾರಕವಾಗುತ್ತದೆ, ಹಾಗಾಗಿ ಲಂಘನದ, ಅಂದರೆ ಉಪವಾಸದ, ಉಪಾಯ ಬೆಕ್ಕಿಗೆ ಒಗ್ಗದು. ತೋಟದಲ್ಲಿ, ಉಗ್ರಾಣದಲ್ಲಿ ಇಲಿಪಾಷಾಣ ಇಟ್ಟಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಸತ್ತ ಇಲಿಯಿಂದಲೂ ವಿಷ ಬೆಕ್ಕಿಗೆ ದಾಟುತ್ತದೆ. ರಕ್ತ ತೆಳುವಾಗಿಸುವ ಜಾತಿಯ ಪಾಷಾಣವಾದರೆ ಕೆ1 ಜೀವಸತ್ವ ಜೀವ ಉಳಿಸುತ್ತದೆ. ಯಾವ ಸೊಪ್ಪನ್ನು, ಯಾವ ಪುಡಿಯನ್ನು ಈಗಾಗಲೇ ಕೊಟ್ಟಿದ್ದೀರೋ ಅದನ್ನೂ ಸಂಕೋಚವಿಲ್ಲದೆ ಹೇಳಿ.

ಕೊನೆಯದು ಒಂದು ನೋಟುಪುಸ್ತಕ. ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು, ವ್ಯತ್ಯಾಸ ಬರೆಯಿರಿ. ಕಕ್ಕಿದ ದಿನ, ಏನು ತಿಂದಿತ್ತು, ಹಿಕ್ಕೆ ಹೇಗಿತ್ತು, ಏನು ಬದಲಿಸಿದಿರಿ, ಏನಾಯಿತು ಎಂದು ಬರೆಯಿರಿ. ಗೊಲ್ಲರು ದನದ ಮದ್ದು ಕಲಿತದ್ದು ಹೀಗೇ, ದನದ ಹಿಂದೆ ದಿನವಿಡೀ ನಡೆದು, ಮೇಯ್ದದ್ದನ್ನೂ ಬಿಟ್ಟದ್ದನ್ನೂ ಕಂಡು. ಅಷ್ಟು ನೋಡಿದವರ ತಿಳಿವಳಿಕೆಯೇ ‘ಗೋವೈದ್ಯ’ದಂಥ ಗ್ರಂಥಗಳ ಬುನಾದಿ. ಬೆಕ್ಕನ್ನು ನಾವು ಇಷ್ಟು ಕಾಲ ಹತ್ತಿರವಿಟ್ಟುಕೊಂಡೆವು, ಹಾಗೆ ನೋಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹತ್ತಿರದ್ದನ್ನು ಕಡೆಗಣಿಸುವವರಿಗೆ ಹೇಳಿದ ಮಾತು. ನಾವು ಕಡೆಗಣಿಸಿದ್ದು ಗಿಡವನ್ನಲ್ಲ, ಒಲೆಯ ಪಕ್ಕದ ಆ ಬೆಕ್ಕನ್ನು. ಅದರ ಹೆಸರಿನಲ್ಲಿ ಇಂದೇ ಒಂದು ಪುಟ ತೆರೆಯಬಹುದು, ಮೊದಲ ಸಾಲಿಗೆ ಅದರ ತೂಕ ಬರೆದು.